ಇದ್ದ ಬೈಕ್ ಕೊಟ್ಟು ದೊಡ್ಡದು ತರುವ ಮುಂಚೆ: ಮಂಗಳೂರು, ಉಡುಪಿಯವರಿಗೆ ಸಮಗ್ರ ಮಾರ್ಗದರ್ಶಿ

ಹತ್ತು ಹನ್ನೆರಡು ವರ್ಷ ಜೊತೆಗಿದ್ದ 100 ಸಿಸಿ, 150 ಸಿಸಿ ಬೈಕ್ ಕೊಟ್ಟು 350 ತರುವವರು ನಮ್ಮ ಕಡೆ ಬಹಳ. ತಂದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯದನ್ನು ನೆನೆಸಿ ಕೊರಗುವವರೂ ಕಡಿಮೆ ಇಲ್ಲ. ಇನ್ನು ಕೆಲವರು ಕೊಡಲೋ ಬೇಡವೋ ಎಂದು ವರ್ಷಗಟ್ಟಲೆ ಹೊಯ್ದಾಡುತ್ತಾರೆ. ಇಬ್ಬರದ್ದೂ ತಪ್ಪು ಒಂದೇ: ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಶೋರೂಮಿಗೆ ಹೋಗುತ್ತಾರೆ, ಆಮೇಲೆ ದುಡ್ಡಿನ ಲೆಕ್ಕ ಹಾಕುತ್ತಾರೆ. ಹಳೆ ಬೈಕ್‌ನ ಸ್ಥಿತಿ ನೋಡುವುದು ಕಟ್ಟಕಡೆಗೆ, ಅದೂ ಎಕ್ಸ್‌ಚೇಂಜ್ ಬೆಲೆ ಕೇಳುವಾಗ.

ಇಲ್ಲಿ ಕೊಟ್ಟಿರುವ ಕ್ರಮ ಅದಕ್ಕೆ ಉಲ್ಟಾ. ಒಂದು ಹಂತ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಎರಡನೇ ಹಂತವನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ಎಷ್ಟೋ ಜನರ ಪ್ರಶ್ನೆ ಅಲ್ಲೇ ಮುಗಿದು ಹೋಗುತ್ತದೆ.

## ಕೈಯಲ್ಲಿ ಏನಿರಬೇಕು?

ಒಂದು ಚಿಕ್ಕ ನೋಟ್‌ಬುಕ್, ಅಳತೆ ಟೇಪು, ಟಯರ್ ಗಾಳಿ ನೋಡುವ ಗೇಜು. ಹಳೆ ಬೈಕ್‌ನ ಆರ್‌ಸಿ, ಇನ್ಶೂರೆನ್ಸ್ ಪೇಪರು, ಕೊನೆಯ ಎರಡು ಮೂರು ಸರ್ವಿಸ್ ಬಿಲ್ಲು. ನಿಮ್ಮ ಬೈಕ್ ಗೊತ್ತಿರುವ ಮೆಕ್ಯಾನಿಕ್ ಒಬ್ಬರು. ಸಮಯ ಕನಿಷ್ಠ ಐದು ತಿಂಗಳು. ಅದರಲ್ಲಿ ಸ್ವಲ್ಪ ದಿನ ಮಳೆಗಾಲದ್ದಾದರೆ ಬಹಳ ಒಳ್ಳೆಯದು. ಇಲ್ಲಿ ಬೈಕ್‌ಗೆ ನಿಜವಾದ ಪರೀಕ್ಷೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

## ಹಂತ 1: ದೂರು ಬರೆಯಿರಿ, ಜಾಗದ ಹೆಸರಿನ ಸಮೇತ

"ಪವರ್ ಸಾಲದು" ಎಂದು ಬರೆದರೆ ಪ್ರಯೋಜನವಿಲ್ಲ. ಎಲ್ಲಿ ಸಾಲದು? ಯಾರು ಹಿಂದೆ ಕೂತಿದ್ದಾಗ? ಎಷ್ಟನೇ ಗೇರಿನಲ್ಲಿ? ಒಂದು ತಿಂಗಳ ಕಾಲ, ಬೈಕ್ ಬೇಸರ ತರಿಸಿದಾಗಲೆಲ್ಲ ಮನೆಗೆ ಬಂದ ಕೂಡಲೇ ಒಂದು ಸಾಲು ಬರೆದಿಡಿ. ಹೀಗೆ:

"ಬಿಕರ್ನಕಟ್ಟೆ ಏರು, ಇಬ್ಬರು, ಮೂರನೇ ಗೇರಿನಲ್ಲಿ ಎಳೆಯಲಿಲ್ಲ."
"ಹೆದ್ದಾರಿ 66, ಪಡುಬಿದ್ರಿ ದಾಟಿದ ಮೇಲೆ, 70ರಲ್ಲಿ ಹ್ಯಾಂಡಲ್ ನಡುಕ."
"ಯಕ್ಷಗಾನ ಆಟ ನೋಡಿ ರಾತ್ರಿ ವಾಪಸ್ ಬರುವಾಗ ಹೆಡ್‌ಲೈಟ್ ಏನೂ ಕಾಣಿಸಲಿಲ್ಲ."

ತಿಂಗಳ ಕೊನೆಗೆ ಪಟ್ಟಿ ನೋಡಿದರೆ ಎರಡು ಗುಂಪು ಕಾಣುತ್ತದೆ. ಒಂದು, ದಿನವೂ ಬರುವ ದೂರು. ಇನ್ನೊಂದು, ವರ್ಷಕ್ಕೊಮ್ಮೆಯೋ ಎರಡು ಸಲವೋ ಘಾಟಿಗೆ ಹೋದಾಗ ಬರುವಂಥದ್ದು. ಎರಡನೇ ಗುಂಪಿನ ದೂರುಗಳಷ್ಟೇ ಇದ್ದರೆ ಬೈಕ್ ಬದಲಾಯಿಸುವ ಅಗತ್ಯ ಇನ್ನೂ ಬಂದಿಲ್ಲ. ಆ ಒಂದೆರಡು ದಿನಕ್ಕೆ ಬಾಡಿಗೆ ಬೈಕ್ ಸಾಕು.

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ ನಾಲ್ಕು ಸಾಲು ಕೂಡ ಆಗಲಿಲ್ಲ, ಆದರೂ ಹೊಸ ಬೈಕ್ ಬೇಕೇ ಬೇಕು ಅನ್ನಿಸುತ್ತಿದೆ ಎಂದಿಟ್ಟುಕೊಳ್ಳಿ. ಅದು ಆಸೆ, ಕೊರತೆಯಲ್ಲ. ಆಸೆಯೇನೂ ತಪ್ಪಲ್ಲ, ದುಡಿದ ದುಡ್ಡಿನಲ್ಲಿ ಇಷ್ಟದ ಬೈಕ್ ತರುವುದರಲ್ಲಿ ನಾಚಿಕೆ ಯಾಕೆ? ಆದರೆ ಆಗ ಹಳೆಯದರ ಮೇಲೆ ಇಲ್ಲದ ದೂರು ಹೊರಿಸಬೇಡಿ. ಆರನೇ ಹಂತದಲ್ಲಿ ಅದು ನಿಮ್ಮನ್ನೇ ದಾರಿ ತಪ್ಪಿಸುತ್ತದೆ.

## ಹಂತ 2: ಹಳೆ ಬೈಕ್‌ಗೆ ಮೊದಲು ಆರೋಗ್ಯ ಕೊಡಿ

ಅತಿ ದೊಡ್ಡ ತಪ್ಪು ನಡೆಯುವುದು ಇಲ್ಲೇ. ಸವೆದ ಚೈನು, ಸತ್ತ ಶಾಕ್ ಅಬ್ಸಾರ್ಬರ್, ಬಿರುಕು ಬಿಟ್ಟ ಟಯರಿನ ಬೈಕ್‌ನಿಂದ ಇಳಿದು ನೇರವಾಗಿ ಹೊಚ್ಚ ಹೊಸ 350ರ ಮೇಲೆ ಕೂತರೆ ಯಾವುದು ಗೆಲ್ಲುತ್ತದೆ? ಪ್ರತಿ ಸಲವೂ ಹೊಸತೇ. ಅಲ್ಲಿ ನೀವು ಹೋಲಿಸಿದ್ದು 150ನ್ನೂ 350ನ್ನೂ ಅಲ್ಲ, ಸವೆದದ್ದನ್ನೂ ಹೊಸದನ್ನೂ. ಹಳೆಯದು ಸರಿಯಾಗಿ ಓಡುವ ಸ್ಥಿತಿಗೆ ಬಂದ ಮೇಲೆ ಮಾಡಿದ ಹೋಲಿಕೆ ಮಾತ್ರ ನಂಬಬಹುದು.

ಬರೆದ ದೂರುಗಳನ್ನು ಹಿಡಿದು ಮೆಕ್ಯಾನಿಕ್ ಹತ್ತಿರ ಹೋಗಿ. "ಜನರಲ್ ಸರ್ವಿಸ್ ಮಾಡಿ" ಎಂದಷ್ಟೇ ಹೇಳಬೇಡಿ. ಒಂದೊಂದು ದೂರಿಗೂ ಉತ್ತರ ಕೇಳಿ.

ಏರಿನಲ್ಲಿ ಎಳೆಯುವುದಿಲ್ಲ. ಮೊದಲು ಕ್ಲಚ್ ನೋಡಿ. ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಸದ್ದು ಏರುತ್ತದೆ, ಬೈಕ್ ಮಾತ್ರ ಮುಂದೆ ಹೋಗುವುದಿಲ್ಲ ಎಂದಾದರೆ ಕ್ಲಚ್ ಪ್ಲೇಟ್ ಸವೆದು ಜಾರುತ್ತಿದೆ. ಆಮೇಲೆ ಏರ್ ಫಿಲ್ಟರ್. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಬಿಗಿಯಾಗಿ ತಿರುಗಿದರೆ ಬ್ರೇಕ್ ಹಿಡಿದುಕೊಂಡಿದೆ. ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಕಂಪ್ರೆಷನ್, ಅಂದರೆ ಇಂಜಿನ್ ಒಳಗಿನ ಒತ್ತಡ ನೋಡಿಸಿ. ಸೈಲೆನ್ಸರಿನಿಂದ ನೀಲಿ ಹೊಗೆ, ಆಗಾಗ ಇಳಿಯುವ ಆಯಿಲ್, ಈ ಎರಡೂ ಒಟ್ಟಿಗೆ ಕಂಡರೆ ಇಂಜಿನ್ ಬಿಚ್ಚುವ ಕೆಲಸ ಹತ್ತಿರ ಬಂದಿದೆ.

70 ದಾಟಿದರೆ ನಡುಕ, ಓಲಾಟ. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್), ಹಿಂದಿನ ಸ್ವಿಂಗ್ ಆರ್ಮ್ ಬುಷ್, ವೀಲ್ ಬೇರಿಂಗ್, ಸಡಿಲ ಸ್ಪೋಕ್. ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಟಯರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ ಉಳಿದಿದ್ದರೂ ರಬ್ಬರ್ ಗಟ್ಟಿಯಾದ ಟಯರ್ ಮಳೆಯಲ್ಲಿ ಜಾರುತ್ತದೆ.

ಬ್ರೇಕ್ ಸಾಲದು. ಡ್ರಮ್ ಆದರೆ ಶೂ ಬದಲಾಯಿಸಿ. ಡಿಸ್ಕ್ ಆದರೆ ಪ್ಯಾಡ್ ಜೊತೆ ಬ್ರೇಕ್ ಆಯಿಲ್ ಕೂಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಅದನ್ನು ಎರಡು ವರ್ಷಕ್ಕಿಂತ ಜಾಸ್ತಿ ಬಿಡುವುದು ಸರಿಯಲ್ಲ.

ಹೆಡ್‌ಲೈಟ್ ಮಂದ. ಎಷ್ಟೋ ಸಲ ಕಾರಣ ಮಸುಕಾದ ಗ್ಲಾಸು, ತುಕ್ಕು ಹಿಡಿದ ಕನೆಕ್ಟರ್. ಬೈಕ್ ಬದಲಾಯಿಸುವಷ್ಟು ದೊಡ್ಡ ವಿಷಯವೇ ಅಲ್ಲ ಇದು.

ಬೆನ್ನು ನೋವು. ಸೀಟಿನ ಫೋಮ್ ಹೊಸದು ಹಾಕಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಜೋಡಿ ಬದಲಾಯಿಸಿ.

ಮಲ್ಪೆ, ಪಣಂಬೂರು, ಉಳ್ಳಾಲದ ಹಾಗೆ ಸಮುದ್ರಕ್ಕೆ ಹತ್ತಿರ ಮನೆ ಇದ್ದರೆ ಇನ್ನೊಂದು ಕೆಲಸವಿದೆ. ಉಪ್ಪು ಗಾಳಿಗೆ ಚಾಸಿಯ ಅಡಿಭಾಗ, ಬ್ಯಾಟರಿ ಇಡುವ ತಟ್ಟೆ, ಸೈಲೆನ್ಸರ್ ಬೆಂಡಿನ ಹಿಂಭಾಗ ಒಳಗಿಂದೊಳಗೆ ತುಕ್ಕು ತಿನ್ನುತ್ತವೆ. ಸೀಟು, ಸೈಡ್ ಕವರ್ ತೆಗೆಸಿ ನೋಡಿ. ಬಣ್ಣ ಉಬ್ಬಿದ ಜಾಗವನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ. ಚಾಸಿಯ ಬೆಸುಗೆಯ ಹತ್ತಿರವೇ ತುಕ್ಕು ತೂತು ಬಿದ್ದಿದ್ದರೆ ಆ ಬೈಕ್ ಎಷ್ಟೇ ಪ್ರೀತಿಯದ್ದಾದರೂ ಹೆದ್ದಾರಿಗೆ ತರಬೇಡಿ. ಬೇರೆಲ್ಲ ದೂರಿಗೂ ಮದ್ದು ಇದೆ, ಇದೊಂದನ್ನು ಮಾತ್ರ ಸುಮ್ನೆ ಬೆಸುಗೆ ಹಾಕಿ ನಂಬುವ ಹಾಗಿಲ್ಲ.

ರಿಪೇರಿ ಆದ ಮೇಲೆ ಮೂರು ವಾರ ಓಡಿಸಿ. ಹಳೆ ಪಟ್ಟಿ ತೆಗೆದು, ಹೋದ ದೂರುಗಳನ್ನು ಹೊಡೆದು ಹಾಕಿ. ಉಳಿದದ್ದೇ ಅಸಲಿ ಪಟ್ಟಿ.

## ಹಂತ 3: ನಿಮ್ಮ ರಸ್ತೆಯನ್ನು ಅಳೆಯಿರಿ

ವಾರದಲ್ಲಿ ಎಷ್ಟು ಕಿಲೋಮೀಟರ್ ಎಲ್ಲಿ ಓಡುತ್ತೀರಿ ಎಂದು ಮೂರು ಭಾಗ ಮಾಡಿ: ಪೇಟೆ, ಹೆದ್ದಾರಿ, ಘಾಟಿ ಮತ್ತು ಒಳದಾರಿ.

ಪೇಟೆಯೇ ಜಾಸ್ತಿ ಇದ್ದರೆ, ಅಂದರೆ ಹಂಪನಕಟ್ಟೆ, ಪಂಪ್‌ವೆಲ್, ನಂತೂರು, ಇಲ್ಲವೇ ಉಡುಪಿಯ ಕಲ್ಸಂಕ, ಮಣಿಪಾಲದ ಟೈಗರ್ ಸರ್ಕಲ್ ಇದರಲ್ಲೇ ದಿನ ಕಳೆಯುವುದಾದರೆ, ದೊಡ್ಡ ಇಂಜಿನ್ ನಿಮಗೆ ಕೊಡುವುದು ಕಾಲಿಗೆ ಬಿಸಿ ಮತ್ತು ಕೈಗೆ ಗಟ್ಟಿ ಕ್ಲಚ್. ಏಪ್ರಿಲ್ ಮೇ ಸೆಕೆಯಲ್ಲಿ ಆ ಬಿಸಿ ಏನೆಂದು ಗೊತ್ತಾಗುತ್ತದೆ.

ಹೆದ್ದಾರಿಯವರು ಈ ಲೆಕ್ಕ ನೋಡಿ. ಮಂಗಳೂರಿನಿಂದ ಉಡುಪಿಗೆ 55 ಕಿ.ಮೀ. ಎಂದು ಹಿಡಿಯೋಣ. ಸರಾಸರಿ 60ರಲ್ಲಿ ಹೋದರೆ 55 ನಿಮಿಷ, 75ರಲ್ಲಿ ಹೋದರೆ 44 ನಿಮಿಷ. ಅದೂ ಎಲ್ಲೂ ನಿಲ್ಲದಿದ್ದರೆ. ಕೂಳೂರು, ಸುರತ್ಕಲ್, ಪಡುಬಿದ್ರಿ, ಕಾಪು, ಕಟಪಾಡಿ ದಾಟುವಷ್ಟರಲ್ಲಿ ಆ ಹನ್ನೊಂದು ನಿಮಿಷದಲ್ಲಿ ಬಹಳಷ್ಟು ಕರಗಿರುತ್ತದೆ. ಹಾಗಾಗಿ ಬೇಗ ತಲುಪಲು ದೊಡ್ಡ ಬೈಕ್ ಎಂಬ ಕಾರಣ ನಿಲ್ಲುವುದಿಲ್ಲ. ನಿಲ್ಲುವ ಕಾರಣ ಬೇರೆ: ಎಕ್ಸ್‌ಪ್ರೆಸ್ ಬಸ್ಸು, ಟ್ಯಾಂಕರ್ ನಡುವೆ ಸುಸ್ತಾಗದೆ, ಗಾಳಿಗೆ ಓಲಾಡದೆ ಹೋಗುವುದು. ದಿನವೂ ಹೆದ್ದಾರಿಯಲ್ಲೇ ಓಡಾಡುವವರಿಗೆ ಇದು ಗಟ್ಟಿ ಕಾರಣವೇ.

ಇನ್ನು ಘಾಟಿ. ಹೆಬ್ರಿಯಿಂದ ಆಗುಂಬೆ ಹತ್ತುವ 14 ಹೇರ್‌ಪಿನ್ ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ ಬೇಕಾಗುವುದು ಟಾಪ್ ಸ್ಪೀಡ್ ಅಲ್ಲ, ಕಡಿಮೆ ವೇಗದಲ್ಲಿ ಎಳೆಯುವ ಟಾರ್ಕ್. ಸಾಮಾನ್ಯ 150 ಸಿಸಿ ಬೈಕ್‌ನ ಟಾರ್ಕ್ ಸುಮಾರು 13 ನ್ಯೂಟನ್ ಮೀಟರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 27, ಅಂದರೆ ಎರಡು ಪಟ್ಟು. ಆದರೆ ಒಟ್ಟು ಪವರ್ ಮತ್ತು ತೂಕ ಸೇರಿಸಿ ನೋಡಿದರೆ ಚಿತ್ರ ಬೇರೆ. 150ರದ್ದು ಸುಮಾರು 14 ಬಿಎಚ್‌ಪಿ, 148 ಕೆಜಿ. ಕ್ಲಾಸಿಕ್‌ದ್ದು 20.2 ಬಿಎಚ್‌ಪಿ, 195 ಕೆಜಿ. ಎರಡಕ್ಕೂ ಇಬ್ಬರ ತೂಕ 130 ಕೆಜಿ ಸೇರಿಸಿ. ಒಂದು ಟನ್‌ಗೆ ಮೊದಲನೆಯದು 50 ಬಿಎಚ್‌ಪಿ, ಎರಡನೆಯದು 62. ಸಿಸಿ ಎರಡು ಪಟ್ಟಿಗಿಂತ ಜಾಸ್ತಿಯಾದರೂ ಓಟದ ಚುರುಕು ಏರಿದ್ದು ಕಾಲು ಭಾಗದಷ್ಟೇ. "350 ತಂದೆ, ಅಂಥ ವ್ಯತ್ಯಾಸ ಕಾಣಲಿಲ್ಲ" ಎಂದು ಬೇಸರ ಪಡುವವರಿಗೆ ಕಾರಣ ಇದೇ. ಏರಿನಲ್ಲಿ ಗೇರ್ ಇಳಿಸದೆ ಆರಾಮ ಬೇಕೋ, ಓವರ್‌ಟೇಕ್ ಮಾಡುವ ಚುರುಕು ಬೇಕೋ, ಈಗಲೇ ತೀರ್ಮಾನ ಮಾಡಿ. ಎರಡಕ್ಕೂ ಬೈಕ್ ಬೇರೆ ಬೇರೆ. 100 ಸಿಸಿಯಿಂದ ಬರುವವರಿಗೆ ಒಳ್ಳೆಯ 160 ಕೂಡ ದೊಡ್ಡ ಜಿಗಿತವೇ.

## ಹಂತ 4: ದೇಹ, ಅಂಗಳ, ಮನೆಯವರು

ಕಾನೂನಿನ ಪ್ರಕಾರ ಗೇರ್ ಬೈಕ್ ಲೈಸೆನ್ಸ್ ಒಂದಿದ್ದರೆ 100 ಸಿಸಿಯನ್ನೂ 650 ಸಿಸಿಯನ್ನೂ ಓಡಿಸಬಹುದು. ಹಾಗಾಗಿ ನಿಮಗೆ ಆಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕಾದವರು ನೀವೇ.

ಟೇಪು ತೆಗೆದು ಅಂಗಳದ ಗೇಟು, ಬೈಕ್ ನಿಲ್ಲಿಸುವ ಜಾಗ, ತಿರುಗಿಸುವ ಜಾಗ ಅಳೆಯಿರಿ. ನಮ್ಮಲ್ಲಿ ಎಷ್ಟೋ ಮನೆ ಗುಡ್ಡೆಯ ಮೇಲೋ ತಗ್ಗಿನಲ್ಲೋ ಇರುತ್ತವೆ. ಮುರಕಲ್ಲಿನ ದಾರಿ, ಮಳೆಗಾಲದಲ್ಲಿ ಪಾಚಿ. 112 ಕೆಜಿಯ ಸ್ಪ್ಲೆಂಡರನ್ನು ಆ ದಾರಿಯಲ್ಲಿ ಹಿಂದಕ್ಕೆ ತಳ್ಳಿ ತಿರುಗಿಸುವುದು ಒಂದು ಮಾತು. 195 ಕೆಜಿಯನ್ನು ರೈನ್‌ಕೋಟ್ ಹಾಕಿಕೊಂಡು ತಳ್ಳುವುದು ಬೇರೆಯೇ ಮಾತು, ಮಾರಾಯ್ರೆ! ದೊಡ್ಡ ಬೈಕ್ ತಂದವರು ಮೊದಲು ಬೀಳುವುದು ಹೆದ್ದಾರಿಯಲ್ಲಿ ಅಲ್ಲ, ಹೀಗೆ ಮನೆಯ ಮುಂದೆ ನಿಂತಲ್ಲೇ.

ಮನೆಯಲ್ಲಿ ಬೈಕ್ ಬಳಸುವ ಎಲ್ಲರನ್ನೂ ಲೆಕ್ಕಕ್ಕೆ ತನ್ನಿ. ಹೆಂಡತಿಯೋ ತಂಗಿಯೋ ಹಳೆ ಬೈಕ್ ಓಡಿಸುತ್ತಿದ್ದರೆ ಅವರಿಗೆ ಇದು ಆಗುತ್ತದೆಯೇ? ಅಮ್ಮ ಸೀರೆಯಲ್ಲಿ ಹಿಂದೆ ಕೂರಬಲ್ಲರೇ? ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್, ದಕ್ಕೆಯಿಂದ ಮೀನು ತರುವುದು ಯಾವುದರಲ್ಲಿ? ಇದಕ್ಕೆಲ್ಲ ಉತ್ತರ ಇಲ್ಲದೆ ಹಳೆಯದನ್ನು ಕೊಟ್ಟವರು ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ತರುತ್ತಾರೆ. ಆ ಖರ್ಚು ಯಾರ ಲೆಕ್ಕದಲ್ಲೂ ಇರುವುದಿಲ್ಲ.

## ಹಂತ 5: ದುಡ್ಡು, ಮತ್ತು 350ರ ಗೆರೆ

350 ಸಿಸಿ ಎನ್ನುವುದು ಒಂದು ಗೆರೆ. ಅದರ ಈಚೆಗೂ ಆಚೆಗೂ ಖರ್ಚು ಬಹಳ ಬೇರೆ.

2025 ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗೆ ಜಿಎಸ್‌ಟಿ 18%, ಅದರ ಮೇಲಿನದ್ದಕ್ಕೆ 40%. 2022 ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ ಹೀಗಿದೆ: 75ರಿಂದ 150 ಸಿಸಿಗೆ 714 ರೂಪಾಯಿ, 150 ದಾಟಿ 350ರವರೆಗೆ 1,366, ಅದರ ಮೇಲೆ 2,804. ಹೊಸ ಬೈಕ್‌ಗೆ ಐದು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಇದರ ಜೊತೆ ಕರ್ನಾಟಕದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬೆಲೆಯ ಬೈಕ್‌ಗೆ ಆಜೀವ ತೆರಿಗೆ 18%, ಮೇಲೆ ಸೆಸ್. ಹಾಗಾಗಿ ಎಕ್ಸ್ ಶೋರೂಮ್ ಬೆಲೆ ನೋಡಿ ಕನಸು ಕಟ್ಟಬೇಡಿ. ಆನ್ ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ತಿಂಗಳ ಖರ್ಚಿನ ಲೆಕ್ಕ ಹೀಗೆ ಮಾಡಿ. ಹಳೆ ಬೈಕ್‌ನ ಮೈಲೇಜನ್ನು ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ವರೆಗೆ ಅಳೆಯಿರಿ, ಬಾಯಿಮಾತು ಬೇಡ. ತಿಂಗಳಿಗೆ 1,000 ಕಿ.ಮೀ. ಓಡುವವರಿಗೆ 55 ಮೈಲೇಜಿನಲ್ಲಿ 18 ಲೀಟರ್, 32 ಮೈಲೇಜಿನಲ್ಲಿ 31 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ 1,300 ರೂಪಾಯಿ ಜಾಸ್ತಿ. ಎರಡು ಲಕ್ಷ ಸಾಲ, ಮೂರು ವರ್ಷ, 10% ಬಡ್ಡಿ ಆದರೆ ಇಎಂಐ ಸುಮಾರು 6,450. ಬಡ್ಡಿಯೇ 32,000 ದಾಟುತ್ತದೆ. ಎರಡೂ ಸೇರಿ ತಿಂಗಳಿಗೆ 7,750.

ಈ ಮೊತ್ತವನ್ನು ಮೂರು ತಿಂಗಳು ಬೇರೆ ಖಾತೆಗೆ ಹಾಕಿ ನೋಡಿ. ನಡುವೆ ಒಮ್ಮೆಯಾದರೂ ಅದರಿಂದ ತೆಗೆದು ಮನೆ ಖರ್ಚಿಗೆ ಬಳಸಬೇಕಾಗಿ ಬಂದರೆ ಇಎಂಐ ನಿಮಗೆ ಭಾರವಾಗುತ್ತದೆ. ಆಗ ಒಂದೋ ಜಾಸ್ತಿ ದಿನ ಕೂಡಿಡಿ, ಇಲ್ಲವೇ ಗುರಿ ಸ್ವಲ್ಪ ಇಳಿಸಿ.

ಹೆಲ್ಮೆಟ್, ಟಯರ್, ಚೈನ್ ಸೆಟ್ ಬೆಲೆಯನ್ನೂ ಈಗಲೇ ಕೇಳಿ. ಕ್ರ್ಯಾಶ್ ಗಾರ್ಡ್, ಎಕ್ಸ್‌ಟ್ರಾ ಫಿಟ್ಟಿಂಗ್ ಪಟ್ಟಿ ಶೋರೂಮಿನಲ್ಲಿ ತಾನಾಗಿಯೇ ಉದ್ದವಾಗುತ್ತದೆ. ಬೇಡವೆಂದರೆ ಬೇಡ ಎನ್ನಿ.

## ಹಂತ 6: ಎರಡು ದಿನ ಬಾಡಿಗೆಗೆ ತನ್ನಿ

ಶೋರೂಮಿನ ಹತ್ತು ನಿಮಿಷದ ಟೆಸ್ಟ್ ರೈಡ್‌ನಿಂದ ಏನೂ ಗೊತ್ತಾಗುವುದಿಲ್ಲ. ಅದೇ ಮಾದರಿಯ ಬೈಕ್ ಎರಡು ದಿನಕ್ಕೆ ಬಾಡಿಗೆಗೆ ಹುಡುಕಿ. ಕಪ್ಪು ಬೋರ್ಡಿನಲ್ಲಿ ಹಳದಿ ಅಕ್ಷರದ ನಂಬರ್ ಪ್ಲೇಟ್ ಇರುವುದನ್ನೇ ತನ್ನಿ, ಅದೇ ಬಾಡಿಗೆಗೆ ಅನುಮತಿ ಇರುವ ಬೈಕ್. ಬಿಳಿ ಬೋರ್ಡಿನದ್ದಕ್ಕೆ ದುಡ್ಡು ಕೊಟ್ಟು ಓಡಿಸಿ ಅಪಘಾತವಾದರೆ ಇನ್ಶೂರೆನ್ಸ್ ಕ್ಲೈಮ್ ತಕರಾರಿಗೆ ಬೀಳುತ್ತದೆ.

ಮೊದಲ ದಿನ ಘಾಟಿಗೆ ಹೋಗಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಆಗುಂಬೆಯ ದಾರಿಯಲ್ಲಿ ಯಾವ ದೊಡ್ಡ ಬೈಕ್ ಚಂದ ಅನ್ನಿಸುವುದಿಲ್ಲ ಹೇಳಿ? ಮೊದಲ ದಿನ ಪೂರ್ತಿ ನಿಮ್ಮ ಮಾಮೂಲಿ ಕೆಲಸಕ್ಕೇ ಇರಲಿ. ಆಫೀಸಿಗೆ ಹೋಗಿ. ಮಧ್ಯಾಹ್ನ ಬಂದರ್ ಕಡೆಯ ಸಣ್ಣ ಗಲ್ಲಿಯಲ್ಲಿ ಪಾರ್ಕಿಂಗ್ ಹುಡುಕಿ. ಮಾರ್ಕೆಟ್‌ನಿಂದ ಸಾಮಾನು ಕಟ್ಟಿ ತನ್ನಿ. ಸಂಜೆ ಅಂಗಳದಲ್ಲಿ ಹಿಂದಕ್ಕೆ ತಳ್ಳಿ ತಿರುಗಿಸಿ. ನಿಂತಾಗ ಎರಡೂ ಪಾದ ನೆಲಕ್ಕೆ ಸರಿಯಾಗಿ ತಾಗುತ್ತದೆಯೇ ನೋಡಿ. ಕ್ಲಾಸಿಕ್‌ನ ಸೀಟು 805 ಮಿ.ಮೀ., ಹಿಮಾಲಯನ್ 450ರದ್ದು 825ರಿಂದ ಶುರು. ಇಪ್ಪತ್ತು ಮಿಲಿಮೀಟರ್ ಪೇಪರಿನಲ್ಲಿ ಏನೂ ಅಲ್ಲ, ಒದ್ದೆ ರಸ್ತೆಯ ಇಳಿಜಾರಿನಲ್ಲಿ ಬಹಳ.

ಮಳೆ ಇದ್ದರೆ ಬಾಡಿಗೆ ಮುಂದೂಡಬೇಡಿ. ನಿಧಾನವಾಗಿ, ಖಾಲಿ ರಸ್ತೆಯಲ್ಲಿ ಬ್ರೇಕ್ ಹಿಡಿದು ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವುದನ್ನು ಲಿವರಿನಲ್ಲಿ ಅನುಭವಿಸಿ ನೋಡಿ. 2019ಕ್ಕಿಂತ ಹಳೆಯ ಬೈಕ್‌ಗಳಲ್ಲಿ ಬಹಳಷ್ಟಕ್ಕೆ ಎಬಿಎಸ್ ಇಲ್ಲ. 125 ಸಿಸಿ ಮೇಲಿನವಕ್ಕೆ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ನನ್ನ ಮಟ್ಟಿಗೆ ನಮ್ಮ ಮಳೆಗೆ ಹೊಸ ಬೈಕ್ ತರಲು ಪವರ್‌ಗಿಂತ ದೊಡ್ಡ ಕಾರಣ ಈ ಎಬಿಎಸ್. ಅದಕ್ಕೆ 350ಕ್ಕೇ ಹೋಗಬೇಕೆಂದಿಲ್ಲ, 160ರಲ್ಲೂ ಸಿಗುತ್ತದೆ.

ಎರಡನೇ ದಿನ ಹಿಂದೆ ಕೂರುವವರನ್ನು ಕರೆದುಕೊಂಡು ಕಾರ್ಕಳವೋ ಆಗುಂಬೆಯೋ ಹೋಗಿ ಬನ್ನಿ. ವಾಪಸ್ ಬಂದು ಅವರನ್ನು ಕೇಳಿ, ಅವರ ಮಾತಿಗೆ ಬೆಲೆ ಕೊಡಿ. ಮಾರನೇ ದಿನ ಬೆಳಿಗ್ಗೆ ಹಳೆ ಬೈಕ್ ಹತ್ತಿ. ಆಗ ಏನು ಅನ್ನಿಸಿತೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಗುರ, ಆರಾಮ ಅನ್ನಿಸಿತೇ? ಸಾಲದು ಅನ್ನಿಸಿತೇ? ಆ ಬೆಳಿಗ್ಗೆಯ ಸಾಲಿನಷ್ಟು ನಂಬುವಂಥದ್ದು ಈ ಇಡೀ ಲೆಕ್ಕದಲ್ಲಿ ಇನ್ನೊಂದಿಲ್ಲ.

## ಹಂತ 7: ತೀರ್ಮಾನ

ಅಸಲಿ ಪಟ್ಟಿಯಲ್ಲಿ ದಿನವೂ ಬರುವ ದೂರು ಉಳಿದಿದೆ, ದುಡ್ಡಿನ ಪರೀಕ್ಷೆ ಪಾಸಾಗಿದೆ, ಮೊದಲ ದಿನದ ಬಾಡಿಗೆ ಓಟ ಕಷ್ಟವಾಗಲಿಲ್ಲ. ಮೂರೂ ಸರಿ ಇದ್ದರೆ ಬದಲಾಯಿಸಿ, ಅಳುಕು ಬೇಡ. ಮೂರರಲ್ಲಿ ಒಂದು ತಪ್ಪಿದರೂ ಈ ವರ್ಷ ಬೇಡ.

ಹಳೆಯದು ಅಪ್ಪನ ಬೈಕ್, ಮೊದಲ ಸಂಬಳದ ಬೈಕ್ ಎಂಬ ಪ್ರೀತಿ ಇದ್ದರೆ ಅದನ್ನು ಲೆಕ್ಕದಿಂದ ಹೊರಗಿಡಬೇಡಿ. ಮಾರುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ, ಎರಡು ಬೈಕ್ ಇಡಲು ಜಾಗ ಮತ್ತು ಸಮಯ ಇದೆಯೇ ನೋಡಿ. ಇಟ್ಟುಕೊಳ್ಳುವುದೆಂದರೆ ಟಾರ್ಪಾಲು ಹೊದಿಸಿ ಮೂಲೆಗೆ ಬಿಡುವುದಲ್ಲ. ಪ್ಲಾಸ್ಟಿಕ್ ಟಾರ್ಪಾಲಿನಡಿ ತೇವ ನಿಂತು ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ವಾರಕ್ಕೊಮ್ಮೆ ಹತ್ತು ಕಿಲೋಮೀಟರಾದರೂ ಓಡಿಸಿ, ಇಂಜಿನ್ ಪೂರ್ತಿ ಬಿಸಿಯಾಗಲಿ. ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರಿನ ಪೆಟ್ರೋಲ್ ಖಾಲಿ ಮಾಡಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರು ಹೀರುತ್ತದೆ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಆ ಖರ್ಚೂ ನೆನಪಿರಲಿ.

## ಹಂತ 8: ಮಾರುವುದಾದರೆ ಕಾಗದ ಪತ್ರ

ಬೆಲೆ ಸಿಕ್ಕಿತೆಂದು ಕೀ ಕೊಟ್ಟು ಬರುವುದೇ ಕೊನೆಯ ದೊಡ್ಡ ತಪ್ಪು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬೈಕ್ ಕೊಟ್ಟು ವರ್ಷವಾಗಿದ್ದರೂ ಅಷ್ಟೇ.

ಹೆಸರು ಬದಲಾಯಿಸಲು ಫಾರ್ಮ್ 29 ಮತ್ತು 30. ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ, ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆ ಹಾಕಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಉಳಿದಿದ್ದರೆ ಮೊದಲು ಫಾರ್ಮ್ 35 ಕೊಟ್ಟು ತೆಗೆಸಿ. ಕೊಳ್ಳುವವರು ಕಾಸರಗೋಡು ಕಡೆಯವರಾದರೆ ರಾಜ್ಯ ಬದಲಾಗುತ್ತದೆ, ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ವಾಹನ ಕೊಳ್ಳುವ ಮಾರುವ ಡೀಲರ್‌ಗೆ ಕೊಡುವುದಾದರೆ ಅವರಿಗೆ ಆರ್‌ಟಿಒ ಅನುಮತಿ ಇದೆಯೇ ಕೇಳಿ. 2023 ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಅಂಥ ಡೀಲರ್‌ಗೆ ಬೈಕ್ ಒಪ್ಪಿಸುವಾಗ ಫಾರ್ಮ್ 29ಸಿ ಮೂಲಕ ತಿಳಿಸಿದರೆ ಅಲ್ಲಿಂದ ಮುಂದೆ ಹೊಣೆ ಅವರದ್ದು. "ಗಿರಾಕಿ ಬಂದ ಮೇಲೆ ಟ್ರಾನ್ಸ್‌ಫರ್ ಮಾಡ್ತೇವೆ" ಎಂಬ ಬಾಯಿಮಾತು ಒಪ್ಪಬೇಡಿ.

ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಬೈಕ್‌ದ್ದಲ್ಲ, ನಿಮ್ಮದು. ಐದು ವರ್ಷ ಕ್ಲೈಮ್ ಮಾಡದಿದ್ದರೆ ಅದು 50%. ಮಾರಿದ ಪುರಾವೆ ಕೊಟ್ಟು ಕಂಪನಿಯಿಂದ ಪತ್ರ ಪಡೆಯಿರಿ. ಅದು ಮೂರು ವರ್ಷ ನಡೆಯುತ್ತದೆ.

ಬೈಕ್ ಕೊಡುವ ಹೊತ್ತಿಗೆ ದಿನ, ಗಂಟೆ, ಓಡಿದ ಕಿಲೋಮೀಟರ್ ಬರೆದ ಎರಡು ಪ್ರತಿಗೆ ಇಬ್ಬರೂ ಸಹಿ ಮಾಡಿ, ಕೊಳ್ಳುವವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ. ಎರಡು ವಾರ ಬಿಟ್ಟು ಪರಿವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ ಮಾಲೀಕರ ಹೆಸರು ಬದಲಾಯಿತೇ ನೋಡಿ. ಬದಲಾಗದಿದ್ದರೆ ಅದೇ ವಾರ ಆರ್‌ಟಿಒ ಕಚೇರಿಗೆ ಹೋಗಿ, ಮಾರಿದ ವಿವರವನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಸರು ಬದಲಾಗುವವರೆಗೆ ಆ ನಂಬರಿನ ದಂಡದ ಮೆಸೇಜ್ ನಿಮ್ಮ ಮೊಬೈಲಿಗೇ ಬರುತ್ತದೆ. ಒಂದನ್ನೂ ಅಳಿಸದೆ ಇಟ್ಟುಕೊಳ್ಳಿ.